ಮಂಜುಗಡ್ಡೆಯ ಮೇಲಿನ ಗಾಳ: ಕೋಲು ಕೊಳ್ಳುವುದು ಕಡೆಗಿರಲಿ

ಮಾನ್ಯ ಸಂಪಾದಕರೇ,

ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಆಗೊಮ್ಮೆ ಈಗೊಮ್ಮೆ ಬರುವ ಬರಹಗಳು ಚಳಿ, ಗುಡಾರ, ಗಡ್ಡೆ ಕೊರೆಯುವ ಯಂತ್ರಗಳ ವರ್ಣನೆಯಲ್ಲೇ ಮುಗಿದುಹೋಗುತ್ತವೆ. ಗಾಳ ಹಿಡಿದು ಕೂರುವವನಿಗೆ ಬೇಕಾದ ಮಾತು ಮಾತ್ರ ಅಲ್ಲಿ ಇರುವುದಿಲ್ಲ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆ, ಕೆನಡಾದ ಒಂಟಾರಿಯೊ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಈ ಹವ್ಯಾಸಕ್ಕೆ ಕೈಹಾಕುವವರಿದ್ದಾರೆ. ಮೊದಲ ಚಳಿಗಾಲದಲ್ಲೇ ಕೈಚೆಲ್ಲುವವರು ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ‘ಸಾಫ್ಟ್ ಪ್ಲಾಸ್ಟಿಕ್‌ಗೆ ಮೀನು ಕಚ್ಚುವುದಿಲ್ಲ, ಜೀವಂತ ಹುಳುವೇ ಬೇಕು.’ ಸಾಫ್ಟ್ ಪ್ಲಾಸ್ಟಿಕ್ ಎಂದರೆ ಹುಳು, ಮರಿಮೀನಿನ ಆಕಾರದ ಮೆದು ಕೃತಕ ಎರೆ. ಅವರ ಈ ಮಾತು ತಪ್ಪು. ಮೀನು ಕಚ್ಚಿರುತ್ತದೆ, ಕಚ್ಚಿ ಉಗಿದೂ ಇರುತ್ತದೆ. ಕೈಯಲ್ಲಿರುವ ಕೋಲು ಅದನ್ನು ತೋರಿಸಿರುವುದಿಲ್ಲ, ಅಷ್ಟೆ. ಆ ಕೋಲನ್ನು ಆರಿಸುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಪತ್ರ ಉದ್ದವಾದರೆ ಮನ್ನಿಸಿ.

ಅಂಗಡಿಗೆ ಹೋದವರು ಮೊದಲು ಕೋಲು ಕೊಳ್ಳುತ್ತಾರೆ. ಅದಕ್ಕೆ ದಾರ ಸುತ್ತುವ ರೀಲು, ರೀಲಿಗೆ ದಾರ, ಕೊನೆಗೆ ಕೈಗೆ ಸಿಕ್ಕಿದ ಜಿಗ್ (ಭಾರದ ತಲೆಯಿರುವ ಕೊಕ್ಕೆ), ಅದಕ್ಕೊಂದು ಪ್ಲಾಸ್ಟಿಕ್. ಈ ಕ್ರಮವೇ ತಲೆಕೆಳಗು. ಹಿಡಿಯಬೇಕಾದ ಮೀನಿನ ಬಾಯಿಂದ ಶುರುಮಾಡಿ ಕೈಯ ಕಡೆಗೆ ಬರಬೇಕು. ಮೊದಲು ಪ್ಲಾಸ್ಟಿಕ್, ಆಮೇಲೆ ಅದನ್ನು ಹೊರುವ ಜಿಗ್‌ನ ತೂಕ, ಆ ತೂಕ ನೆಟ್ಟಗೆ ಎಳೆಯಬಲ್ಲ ದಾರ, ಆ ದಾರದ ತುದಿಯಲ್ಲಿ ಆ ತೂಕಕ್ಕೆ ತುಸುವೇ ಬಾಗುವ ಕೋಲು. ರೀಲು ಎಲ್ಲಕ್ಕಿಂತ ಕೊನೆಗೆ.

ಬ್ಲೂಗಿಲ್, ಪಂಪ್ಕಿನ್‌ಸೀಡ್, ಕ್ರಾಪಿ, ಹಳದಿ ಪರ್ಚ್ – ಇಡಿಯಾಗಿ ಬಾಣಲೆಗೆ ಹಿಡಿಸುವ ಇಂಥ ಸಣ್ಣ ಮೀನುಗಳನ್ನೆಲ್ಲ ಅಲ್ಲಿಯವರು ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಇವು ತಿನ್ನುವ ರೀತಿ ನಮ್ಮ ಲೆಕ್ಕಾಚಾರಕ್ಕೆ ಬುನಾದಿ. ಬ್ಲೂಗಿಲ್ ಎರೆಯನ್ನು ಹಲ್ಲಿನಿಂದ ಹಿಡಿಯುವುದಿಲ್ಲ. ಬಾಯಿ ತೆರೆದು ನೀರಿನ ಜೊತೆ ಒಳಗೆ ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಗಡ್ಡೆಯ ಅಡಿಯ ನೀರು ಸೊನ್ನೆ ಡಿಗ್ರಿಯ ಹತ್ತಿರ, ಕೆಳಗೆ ಹೋದಂತೆ ಹೆಚ್ಚೆಂದರೆ 4 ಡಿಗ್ರಿ ಸೆಲ್ಸಿಯಸ್ ಸುಮಾರು ಇರುತ್ತದೆ. ಆ ತಂಪಿನಲ್ಲಿ ಮೀನಿನ ಮೈ ನಿಧಾನ, ಹೀರುವ ಬಲವೂ ಕಡಿಮೆ. ಎರೆಯ ಎದುರು ಹಲವು ಸೆಕೆಂಡು ಸುಮ್ಮನೆ ನಿಂತು ದಿಟ್ಟಿಸಿ, ಆಮೇಲೆ ಮೆಲ್ಲಗೆ ಹೀರುತ್ತದೆ. ಹುಳುವಾದರೆ ರುಚಿ, ವಾಸನೆ ಇರುವುದರಿಂದ ಬಾಯಲ್ಲಿ ಇನ್ನೊಂದಿಷ್ಟು ಹೊತ್ತು ಇಟ್ಟುಕೊಳ್ಳುತ್ತದೆ. ವಾಸನೆಯಿಲ್ಲದ ಪ್ಲಾಸ್ಟಿಕ್ಕನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಉಗುಳಿಬಿಡುತ್ತದೆ. ಆ ಅರ್ಧ ಕ್ಷಣ ನಮ್ಮ ಕಣ್ಣಿಗೆ ಬೀಳಬೇಕು. ಸಲಕರಣೆಯ ಆಯ್ಕೆಯೆಲ್ಲ ಇಷ್ಟಕ್ಕಾಗಿ.

ಹಾಗಾದರೆ ಹುಳುವನ್ನೇ ಹಾಕಬಹುದಲ್ಲ ಎನ್ನಬಹುದು. ಹಾಕಬಹುದು. ಆದರೆ ಹುಳು ಹೆಪ್ಪುಗಟ್ಟುತ್ತದೆ, ಒಂದು ಕಚ್ಚಿಗೆ ರಸ ಸೋರಿ ಸಿಪ್ಪೆಯಾಗುತ್ತದೆ, ಪ್ರತಿ ಮೀನಿಗೂ ಬರಿಗೈಯಲ್ಲಿ ಹೊಸದನ್ನು ಚುಚ್ಚಬೇಕು. ಮೀನಿನ ಹಿಂಡು ಗಡ್ಡೆಯಲ್ಲಿ ಕೊರೆದ ರಂಧ್ರದ ಅಡಿ ನಿಲ್ಲುವುದೇ ಕೆಲವು ನಿಮಿಷ. ಆ ಹೊತ್ತಿನಲ್ಲಿ ಪ್ಲಾಸ್ಟಿಕ್ ಹಾಕಿದವನು ಮೀನು ಬಿಡಿಸಿ ಆ ಕ್ಷಣವೇ ಮತ್ತೆ ಇಳಿಬಿಡುತ್ತಾನೆ. ಜೊತೆಗೆ ಆಕಾರ, ಬಣ್ಣ, ಬಾಲದ ಕುಣಿತ ಮೂರೂ ನಮ್ಮ ಕೈಯಲ್ಲಿರುತ್ತವೆ.

ಪ್ಲಾಸ್ಟಿಕ್ ಆರಿಸುವಾಗ ಬಣ್ಣ ನೋಡಿ ಮರುಳಾಗುವವರೇ ಹೆಚ್ಚು. ನೋಡಬೇಕಾದ್ದು ಮೃದುತನ. ಬಹುಪಾಲು ಸಾಫ್ಟ್ ಪ್ಲಾಸ್ಟಿಕ್‌ಗಳು ಪಿವಿಸಿಗೆ ಮೆದುಕಾರಕ ಎಣ್ಣೆ ಬೆರೆಸಿ ಎರಕ ಹೊಯ್ದವು. ಚಳಿಗೆ ಇವು ಬಿಗಿಯುತ್ತವೆ. ಬೇಸಿಗೆಗೆಂದು ಮಾಡಿದ ದಪ್ಪ ಪ್ಲಾಸ್ಟಿಕ್ ಹುಳುವನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಅದು ಚಳಿಗಾಲದ ಎರೆ ಆಗುವುದಿಲ್ಲ, ನೀರಿನಲ್ಲಿ ಕಡ್ಡಿಯಂತೆ ನಿಲ್ಲುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಲೋಟದಲ್ಲಿ ನೀರು, ಐಸ್ ತುಂಡು ಹಾಕಿ ಪ್ಲಾಸ್ಟಿಕ್ಕನ್ನು ಐದು ನಿಮಿಷ ಮುಳುಗಿಸಿಡಿ. ಚಿಮಟದಲ್ಲಿ ತಲೆ ಹಿಡಿದು, ನೀರಿನೊಳಗೇ ಕೈಯನ್ನು ನಡುಗಿಸಿದಷ್ಟೇ ಅಲ್ಲಾಡಿಸಿ. ಬಾಲ ತಾನಾಗಿ ಅದುರಿದರೆ ಕೊಳ್ಳಬಹುದಾದ ಸರಕು. ಇಡೀ ಮೈ ಒಟ್ಟಿಗೆ ಅಲುಗಿದರೆ ಬೇಡ. ಬ್ಲೂಗಿಲ್‌ಗೆ 2ರಿಂದ 3 ಸೆಂ.ಮೀ. ಉದ್ದ, ಕೂದಲೆಳೆಯಂಥ ಬಾಲ ಸಾಕು. ಕ್ರಾಪಿ ದೊಡ್ಡ ಬಾಯಿಯ ಮೀನು, ಮರಿಮೀನು ತಿನ್ನುವುದು. ಅದಕ್ಕೆ 4ರಿಂದ 5 ಸೆಂ.ಮೀ. ಆಗುತ್ತದೆ. ಬಣ್ಣದ ವಿಷಯ ಎರಡೇ ಮಾತು: ತಿಳಿನೀರಿಗೆ ಕಪ್ಪು, ಕಂದು, ಕೆಂಪು, ಕದಡಿದ ನೀರಿಗೂ ಮುಸ್ಸಂಜೆಗೂ ಹಳದಿ-ಹಸಿರು ಅಥವಾ ಟಾರ್ಚ್ ಬೆಳಕು ಕುಡಿದು ಹೊಳೆಯುವ ಬಗೆ.

ಈಗ ಜಿಗ್. ಇಲ್ಲಿ ಒಂದು ಲೆಕ್ಕ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಪ್ಲಾಸ್ಟಿಕ್ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಅಂದರೆ ನೀರಿನೊಳಗೆ ಅದಕ್ಕೆ ತೂಕವೇ ಇಲ್ಲ. ಆದರೆ ಅಗಲವಿದೆ, ಹಾಗಾಗಿ ಇಳಿಯುವಾಗ ನೀರು ತಡೆಯುತ್ತದೆ. ಹುಳು ಚುಚ್ಚಿದಾಗ ಸರಾಗ ಇಳಿಯುತ್ತಿದ್ದ ಜಿಗ್, ಪ್ಲಾಸ್ಟಿಕ್ ಹಾಕಿದಾಗ ತೇಲುತ್ತ ತೇಲುತ್ತ ಹೋಗುವುದು ಇದಕ್ಕೇ. ದಾರ ಸಡಿಲವಾಗೇ ಉಳಿಯುತ್ತದೆ. ಸಡಿಲ ದಾರದಲ್ಲಿ ಕಚ್ಚಿದ್ದು ಯಾರಿಗೂ ಗೊತ್ತಾಗದು. ಆದ್ದರಿಂದ ಪ್ಲಾಸ್ಟಿಕ್ಕಿಗೆ ಪುಟ್ಟದಾದರೂ ಭಾರವಾದ ತಲೆ ಬೇಕು. ಸೀಸದ ಸಾಂದ್ರತೆ ನೀರಿನ ಸುಮಾರು 11.3 ಪಟ್ಟು, ಟಂಗ್‌ಸ್ಟನ್‌ನದು 19.3 ಪಟ್ಟು. ಒಂದೇ ತೂಕದ ಜಿಗ್ ಮಾಡಲು ಟಂಗ್‌ಸ್ಟನ್‌ಗೆ ಸೀಸದ ಐದರಲ್ಲಿ ಮೂರು ಪಾಲು ಜಾಗ ಸಾಕು. ಬೆಲೆ ಹೆಚ್ಚು, ಆದರೂ ಈ ಒಂದು ಕಡೆ ಕೈ ಬಿಗಿಹಿಡಿಯಬೇಡಿ. ಕೋಲಿನಲ್ಲಿ ಉಳಿಸಿ, ಜಿಗ್‌ಗೆ ಹಾಕಿ.

ಟಂಗ್‌ಸ್ಟನ್ ಜಿಗ್‌ಗಳನ್ನು ತಲೆಯ ಅಗಲದ ಮೇಲೆ 3, 4, 5 ಮಿ.ಮೀ. ಎಂದು ಮಾರುತ್ತಾರೆ. 3 ಮಿ.ಮೀ. ಎಂದರೆ ಸಾಸಿವೆಗಿಂತ ತುಸು ದಪ್ಪ, ಸುಮಾರು ಅರ್ಧ ಗ್ರಾಂ. 4 ಮಿ.ಮೀ. ಜೋಳದ ಕಾಳಿನಷ್ಟು, ಒಂದು ಗ್ರಾಂಗೆ ಸ್ವಲ್ಪ ಕಡಿಮೆ. 5 ಮಿ.ಮೀ. ಕಾಳುಮೆಣಸಿನಷ್ಟು, ಒಂದೂಮುಕ್ಕಾಲು ಗ್ರಾಂ ಹತ್ತಿರ. ಕೊಕ್ಕೆಯ ಅಳತೆ ಸಾಮಾನ್ಯವಾಗಿ ಕ್ರಮವಾಗಿ 16, 14, 12 ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಎಂಬುದು ಹೊಸಬರಿಗೆ ನೆನಪಿರಲಿ. ಒಂದೇ ಅಳತೆ ಕೊಳ್ಳುವುದಾದರೆ 4 ಮಿ.ಮೀ. ಕೊಳ್ಳಿ. ಮೂರು ಮೀಟರ್‌ಗಿಂತ ಕಡಿಮೆ ಆಳದಲ್ಲಿ, ಹಿಂಜರಿಯುವ ಬ್ಲೂಗಿಲ್‌ಗೆ 3 ಮಿ.ಮೀ.; ಆರು ಮೀಟರ್ ದಾಟಿದರೆ, ಅಥವಾ ತಳದಲ್ಲಿ ಮೇಯುವ ಪರ್ಚ್ ಹಿಂಡು ಸಿಕ್ಕಿದರೆ 5 ಮಿ.ಮೀ. ಪರ್ಚ್‌ಗೆ ಈ ಭಾರದಿಂದ ಇನ್ನೊಂದು ಉಪಯೋಗವಿದೆ. ತಳಕ್ಕೆ ಕುಕ್ಕಿದರೆ ಕೆಸರು ಪುಟಿದು ದೂರದಿಂದಲೂ ಕಾಣುತ್ತದೆ, ಮೀನು ವಿಚಾರಿಸಲು ಬರುತ್ತದೆ.

ಪ್ಲಾಸ್ಟಿಕ್ ಪೋಣಿಸುವುದು ಅರ್ಧ ನಿಮಿಷದ ಕೆಲಸ, ಅದನ್ನು ಅವಸರದಲ್ಲಿ ಮಾಡಿದವನು ಇಡೀ ದಿನ ಕಳೆದುಕೊಳ್ಳುತ್ತಾನೆ. ತಲೆಯ ತುದಿಯನ್ನು ಕತ್ತರಿಯಿಂದ ಚಪ್ಪಟೆಯಾಗಿ ಕತ್ತರಿಸಿ. ಕೊಕ್ಕೆಯ ಮೊನೆಯನ್ನು ಸರಿಯಾಗಿ ನಡುಮಧ್ಯಕ್ಕೆ ಚುಚ್ಚಿ, 3–4 ಮಿ.ಮೀ. ಒಳಗೆ ಸಾಗಿಸಿ, ಬೆನ್ನಿನ ಮೇಲೆ ಹೊರತನ್ನಿ. ಜಿಗ್‌ನ ತಲೆಗೆ ತಾಗುವವರೆಗೂ ಸರಿಸಿ. ಈಗ ದಾರ ಹಿಡಿದು ತೂಗಿಬಿಟ್ಟು ಮೇಲಿನಿಂದಲೂ ಪಕ್ಕದಿಂದಲೂ ನೋಡಿ. ಮೈ ಓರೆಯಾಗಿದ್ದರೆ ಏರಿಳಿಯುವಾಗಲೆಲ್ಲ ಬುಗುರಿಯಂತೆ ತಿರುಗುತ್ತದೆ, ದಾರ ಹುರಿಗೊಳ್ಳುತ್ತದೆ. ಆಮೇಲೆ ಸುಮ್ಮನೆ ನಿಲ್ಲಿಸಿದರೂ ಹುರಿ ಬಿಚ್ಚಿಕೊಳ್ಳುತ್ತ ಜಿಗ್ ತಿರುಗುತ್ತಲೇ ಇರುತ್ತದೆ. ತಿರುಗುವ ಎರೆಯನ್ನು ಬ್ಲೂಗಿಲ್ ಹತ್ತಿರ ಬಂದು ನೋಡಿ ಹಿಂದಕ್ಕೆ ಸರಿಯುತ್ತದೆ. ನೀರಿನಡಿಯ ಮೀನನ್ನು ತೋರಿಸುವ ಸೋನಾರ್ ಯಂತ್ರದ ಪರದೆಯ ಮೇಲೆ ಮೀನಿನ ಗೆರೆ ಏರಿ ಬಂದು ಒಂದು ಗೇಣು ಕೆಳಗೆ ನಿಂತು ವಾಪಸಾಗುತ್ತಿದ್ದರೆ ಬಣ್ಣ ಬದಲಿಸುವ ಮೊದಲು ಈ ತಿರುಗಾಟವನ್ನು ನೋಡಿ. ಇನ್ನೊಂದು ಮಾತು, ಪ್ಲಾಸ್ಟಿಕ್‌ನ ಮೈ ಕೊಕ್ಕೆಯ ಬಾಯನ್ನು ತುಂಬಿಬಿಡಬಾರದು. ಬಾಯಿಯ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದರೆ ಮಾತ್ರ ಮೊನೆ ಮೀನಿನ ತುಟಿಗೆ ಸಿಗುತ್ತದೆ. ಜಾರಿ ಕೆಳಗಿಳಿಯುವ ಪ್ಲಾಸ್ಟಿಕ್ಕಿಗೆ ತಲೆಯ ಬಳಿ ಸೂಜಿಮೊನೆಯಷ್ಟು ಸೂಪರ್ ಗ್ಲೂ ಹಚ್ಚಿ.

ಅಡ್ಡಡ್ಡ ನಿಲ್ಲುವ ಜಿಗ್‌ಗೆ ಗಂಟು ಇರುವ ಜಾಗವೂ ಮುಖ್ಯ. ಪಾಲೊಮರ್ ಎಂಬ ಬಗೆಯ ಗಂಟನ್ನು ಒದ್ದೆ ಮಾಡಿ ಬಿಗಿದು, ದಾರ ಕಟ್ಟುವ ಜಿಗ್‌ನ ಕಣ್ಣಿನ ಮೇಲ್ಭಾಗದ ನಡುವಿಗೆ ಉಗುರಿನಿಂದ ಸರಿಸಿದರೆ ಜಿಗ್ ನೆಲಕ್ಕೆ ಸಮಾನಾಂತರವಾಗಿ ತೂಗುತ್ತದೆ. ಒಂದು ಮೀನು ಎಳೆದ ಮೇಲೆ ಗಂಟು ಮುಂದಕ್ಕೆ ಜರುಗಿ ಜಿಗ್ ಮೂಗು ಮೇಲೆ ಮಾಡಿ ನಿಲ್ಲುತ್ತದೆ. ಪ್ರತಿ ಮೀನಿನ ನಂತರವೂ ಸರಿಪಡಿಸಬೇಕು. ‘ಮೊದಲ ಮೀನು ಸಿಕ್ಕಿತು, ಆಮೇಲೆ ಯಾವುದೂ ಇಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಗಂಟೇ ಇರುತ್ತದೆ.

ದಾರಕ್ಕೆ ಬರೋಣ. ದಾರವನ್ನು ಅಲ್ಲಿ ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ. 2 ಪೌಂಡ್ ಎಂದರೆ ಸುಮಾರು 900 ಗ್ರಾಂ, 3 ಪೌಂಡ್ ಎಂದರೆ 1,360 ಗ್ರಾಂ ಎಳೆತ ತಾಳುವಂಥದು. ‘ದೊಡ್ಡ ಮೀನು ಬಿದ್ದರೆ?’ ಎಂಬ ಹೆದರಿಕೆಯಿಂದ 6 ಪೌಂಡ್ ದಾರ ಸುತ್ತಿಕೊಂಡು ಹೋಗುವುದು ಅತಿ ಸಾಮಾನ್ಯ ತಪ್ಪು. ರೀಲಿನಲ್ಲಿ ಸುತ್ತಿಕೊಂಡಿದ್ದ ದಾರ ಚಳಿಯಲ್ಲಿ ಆ ಸುರುಳಿಯನ್ನು ಮರೆಯುವುದಿಲ್ಲ. ಒಂದು ಗ್ರಾಂ ಜಿಗ್‌ಗೆ ದಪ್ಪ ದಾರದ ಸುರುಳಿಗಳನ್ನು ಬಿಡಿಸಿ ನೆಟ್ಟಗೆ ಮಾಡುವ ಶಕ್ತಿ ಇಲ್ಲ. ಪ್ರತಿ ಸುರುಳಿಯೂ ಒಂದು ಸ್ಪ್ರಿಂಗ್. ಮೀನು ಜಿಗ್ಗನ್ನು ಎರಡು ಸೆಂಟಿಮೀಟರ್ ಅತ್ತಿತ್ತ ಸರಿಸಿದರೂ ಸುರುಳಿ ಅಷ್ಟನ್ನೂ ನುಂಗಿಕೊಳ್ಳುತ್ತದೆ, ಕೋಲಿನ ತುದಿಗೆ ಏನೂ ತಲುಪುವುದಿಲ್ಲ. 3 ಮಿ.ಮೀ. ಜಿಗ್‌ಗೆ 2 ಪೌಂಡ್, 4 ಮಿ.ಮೀ.ಗೆ 2 ಅಥವಾ 3, 5 ಮಿ.ಮೀ.ಗೆ 3 ಅಥವಾ 4 – ಇದಕ್ಕಿಂತ ದಪ್ಪ ಬೇಡ. ನೈಲಾನ್ ಮೆದು, ಆದರೆ ನೀರು ಹೀರುತ್ತದೆ. ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ, ಹಿಗ್ಗುವುದು ಕಡಿಮೆ, ನೀರಿನಲ್ಲಿ ಕಾಣುವುದೂ ಕಡಿಮೆ, ಆದರೆ ಬಿರುಸು. ತೀರ ಹಗುರ ಜಿಗ್‌ಗೆ ನೈಲಾನ್, ಉಳಿದದ್ದಕ್ಕೆ ಫ್ಲೋರೋಕಾರ್ಬನ್ ಎಂದಿಟ್ಟುಕೊಳ್ಳಬಹುದು. ಹೆಣೆದ ದಾರ ಗುಡಾರದ ಹೊರಗೆ ಬೇಡವೇ ಬೇಡ. ನೀರು ಹೊತ್ತು ಬಂದು, ದಾರ ಹಾಯುವ ಕೋಲಿನ ಬಳೆಗಳಲ್ಲಿ ಗಡ್ಡೆ ಕಟ್ಟುತ್ತದೆ. ಕೂತ ಕೂಡಲೇ ನಾಲ್ಕೈದು ಮೀಟರ್ ದಾರ ಎಳೆದು, ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಹಿಗ್ಗಿಸಿ ಬಿಟ್ಟರೆ ಸುರುಳಿ ಬಹುಪಾಲು ಹೋಗುತ್ತದೆ. ಪ್ರತಿ ಚಳಿಗಾಲಕ್ಕೂ ಹೊಸ ದಾರ ಹಾಕಿ.

ಇಷ್ಟಾದ ಮೇಲೆ ಕೋಲು. ಈ ಪತ್ರದ ಮುಖ್ಯ ಮಾತು ಇಲ್ಲಿದೆ. ಪ್ಯಾನ್‌ಫಿಶ್ ಎಂದರೆ ಸಾಮಾನ್ಯವಾಗಿ ಕಾಲು ಕಿಲೋ ಆಸುಪಾಸಿನ ಮೀನು, ಅದನ್ನು ಮೇಲಕ್ಕೆಳೆಯಲು ಬಲವಾದ ಕೋಲು ಯಾಕೆ? ಕೋಲು ಇಲ್ಲಿ ತಕ್ಕಡಿಯ ಮುಳ್ಳಿನ ಕೆಲಸ ಮಾಡಬೇಕು. ಮುಳ್ಳು ಒಂದು ಕಡೆ ಪೂರ್ತಿ ವಾಲಿಬಿಟ್ಟರೂ ಉಪಯೋಗವಿಲ್ಲ, ಅಲುಗದೇ ನಿಂತರೂ ಇಲ್ಲ.

ಹೀಗೆ ಪರೀಕ್ಷಿಸಿ. ಅಂಗಡಿಗೆ ಹೋಗುವಾಗ ನೀವು ಬಳಸುವ ಜಿಗ್‌ಗೆ ಪ್ಲಾಸ್ಟಿಕ್ ಹಾಕಿ, ಒಂದು ಮೊಳ ದಾರ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ಕೋಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ತುದಿಯ ಬಳೆಗೆ ಆ ದಾರವನ್ನು ಕುಣಿಕೆ ಹಾಕಿ ತೂಗಿಬಿಡಿ. ತುದಿ ಒಂದರಿಂದ ಎರಡು ಸೆಂಟಿಮೀಟರ್ ಬಾಗಿದರೆ ಆ ಕೋಲು ಆ ಜಿಗ್‌ಗೆ ಸರಿ. ಅಲುಗದಿದ್ದರೆ ಕೋಲು ಬಿರುಸಾಯಿತು. ಬಿಲ್ಲಿನಂತೆ ಪೂರ್ತಿ ಬಾಗಿದರೆ ತೋರಿಸಲು ಅದರಲ್ಲಿ ಏನೂ ಉಳಿದಿಲ್ಲ. ಟಂಗ್‌ಸ್ಟನ್ ನೀರಿನಲ್ಲಿ ತನ್ನ ತೂಕದ ಸುಮಾರು ಇಪ್ಪತ್ತನೇ ಒಂದು ಭಾಗವನ್ನು ಮಾತ್ರ ಕಳೆದುಕೊಳ್ಳುವುದರಿಂದ ಗಾಳಿಯಲ್ಲಿ ಮಾಡಿದ ಈ ಪರೀಕ್ಷೆ ನೀರಿನಲ್ಲೂ ನಿಲ್ಲುತ್ತದೆ. ಆಮೇಲೆ ಕೋಲಿನ ಬುಡವನ್ನು ಬೆರಳಿನಲ್ಲಿ ತಟ್ಟಿ ಜಿಗ್ ನೋಡಿ. ತುದಿ ಅದುರಿದ ಕೂಡಲೇ ಜಿಗ್ಗೂ ಅದುರಬೇಕು.

ಕೊನೆಯ ಈ ಪರೀಕ್ಷೆ ಯಾಕೆಂದರೆ, ನೂಡಲ್ ರಾಡ್ ಎಂದು ಕರೆಯುವ ಅತಿ ಮೆದುವಾದ ಫೈಬರ್‌ಗ್ಲಾಸ್ ಕೋಲುಗಳ ಬಗ್ಗೆ ಹೊಗಳಿಕೆ ಅಗತ್ಯಕ್ಕಿಂತ ಹೆಚ್ಚು ಹಬ್ಬಿದೆ. ಅವು ಕಚ್ಚಿದ್ದನ್ನು ಚೆನ್ನಾಗಿ ತೋರಿಸುತ್ತವೆ, ನಿಜ. ಕ್ರಾಪಿಯ ಬಾಯಿ ಕಾಗದದಷ್ಟು ತೆಳು, ಎಳೆದರೆ ಹರಿಯುತ್ತದೆ. ಮೆದು ಕೋಲು ಅದನ್ನು ಕಾಪಾಡುತ್ತದೆ, ಅದೂ ನಿಜ. ಆದರೆ ಪ್ಲಾಸ್ಟಿಕ್ಕಿಗೆ ಜೀವ ಬರುವುದು ನಮ್ಮ ಕೈಯ ಅದುರಿನಿಂದ. ಒಂದು ಸೆಂಟಿಮೀಟರ್‌ಗಿಂತ ಕಡಿಮೆ ಏರಿಳಿತದ, ಬೇಗಬೇಗನೆಯ ನಡುಕ ಅದಕ್ಕೆ ಬೇಕು. ನೂಡಲ್ ಕೋಲಿನ ಮೈ ಆ ನಡುಕವನ್ನೆಲ್ಲ ತಾನೇ ಕುಡಿದುಬಿಡುತ್ತದೆ. ಮೇಲೆ ಕೋಲು ಕುಣಿಯುತ್ತದೆ, ಕೆಳಗೆ ಜಿಗ್ ಸುಮ್ಮನಿರುತ್ತದೆ. ಹುಳುವಾದರೆ ತಾನೇ ಮಿಸುಕುತ್ತದೆ, ಮೆದು ಕೋಲು ನಡೆಯುತ್ತದೆ. ಪ್ಲಾಸ್ಟಿಕ್ಕಿಗೆ ಬುಡದಿಂದ ಮುಕ್ಕಾಲು ಭಾಗ ಗಟ್ಟಿಯಾಗಿದ್ದು, ತುದಿಯ 10–15 ಸೆಂ.ಮೀ. ಮಾತ್ರ ಸಣ್ಣಗಾಗಿ ಮೆದುವಾಗುವ ಘನ ಕಾರ್ಬನ್ ಕೋಲು ಹೆಚ್ಚು ಒಗ್ಗುತ್ತದೆ. ಅಂಗಡಿಯಲ್ಲಿ ಇದಕ್ಕೆ ಅಲ್ಟ್ರಾಲೈಟ್ ಪವರ್, ಫಾಸ್ಟ್ ಆ್ಯಕ್ಷನ್ ಎನ್ನುತ್ತಾರೆ. ಆದರೆ ಅಲ್ಟ್ರಾಲೈಟ್ ಎಂಬ ಪದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಅಲ್ಟ್ರಾಲೈಟ್ ಇನ್ನೊಂದರ ಲೈಟ್‌ಗಿಂತ ಬಿರುಸಾಗಿರಬಹುದು. ಚೀಟಿ ಓದಬೇಡಿ, ಜಿಗ್ ತೂಗಿ ನೋಡಿ.

ಸ್ಪ್ರಿಂಗ್ ಬಾಬರ್ ಎಂಬುದು ಈಗಾಗಲೇ ಬಿರುಸು ಕೋಲು ಕೊಂಡವರಿಗೆ ದಾರಿ. ತುದಿಯ ಬಳೆಗೆ ಸಿಕ್ಕಿಸುವ, ಬೆರಳುದ್ದದ ತೆಳು ಉಕ್ಕಿನ ತಂತಿ ಅಥವಾ ಪಟ್ಟಿ ಅದು. ನಮ್ಮ ಗಾಳದ ಬೆಂಡಿನ ಕೆಲಸವನ್ನು ಗಾಳಿಯಲ್ಲಿ ಮಾಡುತ್ತದೆ. ಉದ್ದವನ್ನು ಹಿಂದೆ ಮುಂದೆ ಸರಿಸುವಂಥದ್ದನ್ನೇ ಕೊಳ್ಳಿ. ಜಿಗ್ ತೂಗಿದಾಗ ಗಡಿಯಾರದ ಮೂರು ಗಂಟೆಯ ಮುಳ್ಳಿನ ಜಾಗದಿಂದ ನಾಲ್ಕರ ಹತ್ತಿರ ಇಳಿದು ನಿಲ್ಲುವಂತೆ ಹೊಂದಿಸಿಕೊಳ್ಳಬೇಕು. ಆರು ಗಂಟೆಗೆ ಬಂದುಬಿಟ್ಟರೆ ತಂತಿಯನ್ನು ಗಿಡ್ಡ ಮಾಡಿ. ಹೀಗೆ ಅರ್ಧ ಬಾಗಿರಬೇಕಾದ ಕಾರಣ ಇದು: ಕ್ರಾಪಿ ಕೆಳಗಿನಿಂದ ಬಂದು ಎರೆಯನ್ನು ಮೇಲಕ್ಕೆತ್ತುತ್ತದೆ. ಆಗ ತೂಕ ಇಳಿದು ತಂತಿ ಮೆಲ್ಲಗೆ ನೆಟ್ಟಗಾಗುತ್ತದೆ. ತುದಿ ಕೆಳಕ್ಕೆ ಜಗ್ಗುವುದನ್ನೇ ಕಾಯುವವರಿಗೆ ಈ ಮೇಲ್ಗಚ್ಚು ಕಚ್ಚೆಂದೇ ಅನ್ನಿಸುವುದಿಲ್ಲ. ತಂತಿ ಮೇಲೆದ್ದರೂ, ಕೆಳಗೆ ಬಾಗಿದರೂ, ಅದುರುವುದನ್ನು ದಿಢೀರನೆ ನಿಲ್ಲಿಸಿದರೂ ಮಣಿಕಟ್ಟನ್ನು ನಾಲ್ಕು ಬೆರಳಗಲದಷ್ಟು ಎತ್ತಬೇಕು. ಮೊಣಕೈಯಿಂದ ಸೆಳೆದರೆ ಕ್ರಾಪಿಯ ತುಟಿ ಹರಿದು ಬರುತ್ತದೆ. ಬಯಲಿನಲ್ಲಿ ಗಾಳಿ ಬೀಸುವಾಗ ಸ್ಪ್ರಿಂಗ್ ಬಾಬರ್ ತಾನೇ ಕುಣಿಯುತ್ತ ಕೂರುತ್ತದೆ, ಅಂಥ ದಿನ ಅದನ್ನು ತೆಗೆದಿಟ್ಟು 5 ಮಿ.ಮೀ. ಜಿಗ್ ಹಾಕಿ ಕೋಲಿನ ತುದಿಯನ್ನೇ ನಂಬಿ.

ಉದ್ದ: ಗುಡಾರದೊಳಗೆ 24ರಿಂದ 28 ಇಂಚು, ಬಯಲಿನಲ್ಲಿ ನಿಂತು ಹಿಡಿಯಲು 30ರಿಂದ 36 ಇಂಚು. ಹಿಡಿಕೆ ಕಾರ್ಕ್‌ನದಿರಲಿ. ರೀಲನ್ನು ಕೂರಿಸುವ ಲೋಹದ ಹಿಡಿಕೆಭಾಗ (ರೀಲ್ ಸೀಟು) ಚಳಿಗೆ ಬೆರಳನ್ನು ಮರಗಟ್ಟಿಸುತ್ತದೆ. ಬರೀ ಕಾರ್ಕ್ ಹಿಡಿಕೆಗೆ ರೀಲನ್ನು ಟೇಪಿನಿಂದ ಸುತ್ತಿ ಕಟ್ಟಿದರೆ ಕೋಲು ತೋರುಬೆರಳಿನ ಮೇಲೆ ಸಮತೂಕವಾಗಿ ನಿಲ್ಲುವ ಜಾಗಕ್ಕೆ ಸರಿಸಿಕೊಳ್ಳಬಹುದು. ತುದಿ ಭಾರವಾದ ಕೋಲನ್ನು ಒಂದು ಗಂಟೆ ಹಿಡಿದ ಕೈ ತಾನಾಗಿ ನಡುಗತೊಡಗುತ್ತದೆ. ಅದು ಬೇಕಾದ ನಡುಕವಲ್ಲ.

ರೀಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 500 ಅಳತೆಯ ಸಣ್ಣ ಸ್ಪಿನ್ನಿಂಗ್ ರೀಲು ಸಾಕು. ಎಳೆತ ಹೆಚ್ಚಾದಾಗ ದಾರವನ್ನು ತಾನಾಗಿ ಬಿಟ್ಟುಕೊಡುವ ರೀಲಿನ ಹಿಡಿತಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಮೀನು ಡ್ರ್ಯಾಗ್ ಎಳೆದು ದಾರ ಓಡಿಸುವಾಗ ರೀಲಿನ ಹಿಡಿ ತಿರುಗಿಸಬೇಡಿ. ಪ್ರತಿ ಸುತ್ತೂ ದಾರಕ್ಕೆ ಹುರಿ ಹಾಕುತ್ತದೆ. ದಾರ ನೇರವಾಗಿ ಸುತ್ತಿಕೊಳ್ಳುವ ಇನ್‌ಲೈನ್ ರೀಲು ಈ ಹುರಿಯ ಕಾಟ ತಪ್ಪಿಸುತ್ತದೆ, ಅಗಲ ಚಕ್ರದಿಂದ ಸುರುಳಿಯೂ ದೊಡ್ಡದಾಗಿ ಸಡಿಲವಾಗಿರುತ್ತದೆ. ಪ್ಲಾಸ್ಟಿಕ್ ಬಳಸುವವರಿಗೆ ಇದು ಬಹಳ ಒಳ್ಳೆಯದು. ಆದರೆ ಅಗ್ಗದ ಇನ್‌ಲೈನ್ ರೀಲುಗಳ ಡ್ರ್ಯಾಗ್ ತಡೆತಡೆದು ಬಿಡುತ್ತದೆ, 2 ಪೌಂಡ್ ದಾರ ಕಡಿಯಲು ಅಂಥ ಒಂದು ತಡೆ ಸಾಕು. ಡ್ರ್ಯಾಗ್ ಹೊಂದಿಸಲು ಕಾಲು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರಕ್ಕೆ ಕಟ್ಟಿ ಎತ್ತಿ. ಬಾಟಲಿ ನಿಧಾನವಾಗಿ ಕೆಳಗಿಳಿಯುವಷ್ಟು ಸಡಿಲವಿದ್ದರೆ 2 ಪೌಂಡ್ ದಾರಕ್ಕೆ ಸರಿಯಾಯಿತು. ಇದನ್ನು ಮನೆಯ ಬೆಚ್ಚಗಿನಲ್ಲಿ ಮಾಡದೆ ಚಳಿಯಲ್ಲೇ ಮಾಡಿ, ಏಕೆಂದರೆ ರೀಲಿನೊಳಗಿನ ಗ್ರೀಸ್ ಹೊರಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಹಿಡಿ ತಿರುಗಿಸುವುದೇ ಕಷ್ಟವಾದರೆ ಆ ಗ್ರೀಸ್ ಒರೆಸಿ ತೆಳು ಎಣ್ಣೆ ಹಾಕಿ.

ಬಳೆಗಳಲ್ಲಿ ಗಡ್ಡೆ ಕಟ್ಟಿದಾಗ ಉಗುರಿನಿಂದ ಕೆರೆಯುವುದು, ಚಿವುಟುವುದು ಎಲ್ಲರೂ ಮಾಡುವ ತಪ್ಪು. ತುದಿ ಮುರಿಯುತ್ತದೆ, ಇಲ್ಲವೇ ಬಳೆಯೊಳಗಿನ ಸೆರಾಮಿಕ್ ಉಂಗುರ ಕಳಚಿಬೀಳುತ್ತದೆ. ಆಮೇಲೆ ಲೋಹದ ಅಂಚಿಗೆ ಉಜ್ಜಿ ಉಜ್ಜಿ ದಾರ ಕಡಿಯುತ್ತಲೇ ಇರುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ಕೋಲಿನ ತುದಿಯನ್ನು ರಂಧ್ರದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಗಡ್ಡೆ ತಾನೇ ಬಿಡುತ್ತದೆ. ತೆಗೆದು ಒಮ್ಮೆ ಕೊಡವಿ. ಹತ್ತಿಯ ಎಳೆಯನ್ನು ಪ್ರತಿ ಬಳೆಯೊಳಗೂ ಆಡಿಸಿ ನೋಡಿದರೆ ಸೀಳಿದ ಉಂಗುರ ಸಿಕ್ಕಿಬೀಳುತ್ತದೆ.

ಇಳಿಬಿಡುವ ಆಳ: ಮೀನು ಇರುವ ಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಲ್ಲಿಸಿ. ಕ್ರಾಪಿಯ ಕಣ್ಣು ಮೇಲ್ಮುಖ, ಕೆಳಗಿಟ್ಟ ಎರೆಯನ್ನು ಅದು ಕಾಣದೇ ಹೋಗಬಹುದು. ನಡುಗಿಸುತ್ತ ಬೆರಳಗಲ ಬೆರಳಗಲವಾಗಿ ಮೇಲಕ್ಕೆತ್ತಿ, ಮೀನು ಹಿಂದೆಯೇ ಏರಿ ಬರುತ್ತಿದ್ದರೆ ನಿಲ್ಲಿಸಬೇಡಿ. ಹಿಂದೆ ಬಂದ ಮೀನು ಕಚ್ಚದೇ ನಿಂತಾಗ ಮಾತ್ರ ಮೂರು ಸೆಕೆಂಡು ಸ್ತಬ್ಧರಾಗಿ. ಬಾಲವನ್ನಷ್ಟೇ ಎಳೆದು ಬಿಡುತ್ತಿದ್ದರೆ ಬಾಲವನ್ನು ಕತ್ತರಿಯಿಂದ ಅರ್ಧ ಸೆಂಟಿಮೀಟರ್ ಗಿಡ್ಡ ಮಾಡಿ.

ಪ್ಲಾಸ್ಟಿಕ್‌ಗಳನ್ನು ಬಂದ ಚೀಲದಲ್ಲೇ ಇಡಿ. ಮೆದುಕಾರಕ ಎಣ್ಣೆ ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೇ ಕರಗಿಸುತ್ತದೆ, ಕೆಂಪು ಬಣ್ಣ ಬಿಳಿಗೆ ಹತ್ತುತ್ತದೆ. ಜೀ-ಮ್ಯಾನ್ ಕಂಪನಿಯ ಎಲಾಜ್‌ಟೆಕ್ ಬೇರೆಯೇ ವಸ್ತು, ಅದನ್ನು ಸಾಮಾನ್ಯ ಪಿವಿಸಿ ಪ್ಲಾಸ್ಟಿಕ್ ಜೊತೆ ಇಟ್ಟರೆ ಎರಡೂ ಕರಗಿ ಅಂಟಿನ ಮುದ್ದೆಯಾಗುತ್ತವೆ. ಬರ್ಕ್ಲಿ ಕಂಪನಿಯ ಗಲ್ಪ್ ಎಂಬ ಮೆದು ಎರೆಗೆ ವಾಸನೆ ಸೇರಿಸಿರುತ್ತಾರೆ, ಮೀನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಆದರೆ ಅದು ಗಾಳಿಗೆ ಬಿಟ್ಟರೆ ಒಣಗಿ ಕೊಕ್ಕೆಯ ಮೇಲೆ ಕಲ್ಲಾಗುತ್ತದೆ. ಮನೆಗೆ ಹೊರಡುವ ಮೊದಲು ಅದನ್ನು ಕಳಚಲೇಬೇಕು.

ಎಷ್ಟು ಕೋಲು ಬೇಕು ಎಂಬುದನ್ನು ಕಾನೂನೂ ನಿರ್ಧರಿಸುತ್ತದೆ. ಮಂಜುಗಡ್ಡೆಯ ಮೇಲೆ ಮಿನ್ನೆಸೋಟದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎರಡು ಗಾಳ, ವಿಸ್ಕಾನ್ಸಿನ್‌ನಲ್ಲಿ ಮೂರು. ಎರಡು ಕೋಲು ಸಿದ್ಧವಿಟ್ಟುಕೊಳ್ಳಿ, ಒಂದರಲ್ಲಿ 4 ಮಿ.ಮೀ. ಜಿಗ್, ಇನ್ನೊಂದರಲ್ಲಿ 5. ಚಳಿಯಲ್ಲಿ ಮರಗಟ್ಟಿದ ಬೆರಳಲ್ಲಿ ಗಂಟು ಹಾಕುವ ಕೆಲಸ ತಪ್ಪುತ್ತದೆ. ಆ ಎರಡೂ ಕೋಲಿನಿಂದ ಏನೂ ಪ್ರಯೋಜನವಿಲ್ಲ, ಕಾಲ ಕೆಳಗಿನ ಗಡ್ಡೆ ನಂಬಿಕೆಗೆ ಅರ್ಹವಾಗಿಲ್ಲದಿದ್ದರೆ: ನಡೆಯಲು ಕನಿಷ್ಠ 4 ಇಂಚು ತಿಳಿಯಾದ ಹೊಸ ಗಡ್ಡೆ ಇರಬೇಕು, ಬಿಳಿಚಿದ ಗಡ್ಡೆಯಾದರೆ ಅದರ ಎರಡು ಪಟ್ಟು. ಸಾಗುತ್ತ ಸಾಗುತ್ತ ಕೊರೆದು ಅಳೆಯಿರಿ. ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೆ ಬರಲು ಬಳಸುವ ಐಸ್ ಪಿಕ್ ಕುತ್ತಿಗೆಯಲ್ಲಿ ಇಲ್ಲದೆ ಹೆಜ್ಜೆ ಇಡಬೇಡಿ.

ಹಿಡಿದಿದ್ದನ್ನೆಲ್ಲ ಇಟ್ಟುಕೊಳ್ಳುವ ಆಸೆಯ ಬಗ್ಗೆಯೂ ಒಂದು ಮಾತು. ದೊಡ್ಡ ಗಂಡು ಬ್ಲೂಗಿಲ್‌ಗಳು ಗೂಡು ಕಾಯುವವು. ಅವನ್ನೇ ಆರಿಸಿ ತೆಗೆಯುತ್ತ ಹೋದರೆ ಸಣ್ಣ ಗಂಡುಗಳು ಬೇಗನೆ ಪ್ರಾಯಕ್ಕೆ ಬಂದು, ಬೆಳವಣಿಗೆ ಕುಂಠಿತವಾಗಿ, ಕೆರೆಯ ಮೀನೆಲ್ಲ ಗಿಡ್ಡವಾಗುತ್ತದೆ. ಮಿನ್ನೆಸೋಟದಲ್ಲಿ ದಿನಕ್ಕೆ 20 ಸನ್‌ಫಿಶ್ (ಬ್ಲೂಗಿಲ್, ಪಂಪ್ಕಿನ್‌ಸೀಡ್ ಇತ್ಯಾದಿ) ಇದ್ದ ಮಿತಿಯನ್ನು ಹಲವು ಕೆರೆಗಳಲ್ಲಿ 10ಕ್ಕೆ, 5ಕ್ಕೆ ಇಳಿಸಿರುವುದು ಇದಕ್ಕಾಗಿಯೇ. ಅಂಗೈ ಮೀರಿದ ಬ್ಲೂಗಿಲ್ಲನ್ನು ವಾಪಸು ಬಿಡಿ, ಮಧ್ಯಮ ಗಾತ್ರದ್ದನ್ನು ಇಟ್ಟುಕೊಳ್ಳಿ. ಸುಮಾರು 9 ಮೀಟರ್‌ಗಿಂತ ಆಳದಿಂದ ಎಳೆದ ಕ್ರಾಪಿ, ಪರ್ಚ್‌ಗಳ ಗಾಳಿಚೀಲ ಉಬ್ಬಿ, ಬಿಟ್ಟರೂ ಬಹಳಷ್ಟು ಸಾಯುತ್ತವೆ. ಬಿಡುವ ಉದ್ದೇಶವಿದ್ದರೆ ಅಷ್ಟು ಆಳದಲ್ಲಿ ಗಾಳ ಹಾಕಲೇಬೇಡಿ.

ಸೀಸದ ಜಿಗ್ ಬೇಡವೆನ್ನಲು ಸಾಂದ್ರತೆಯಷ್ಟೇ ಕಾರಣವಲ್ಲ. ತಳಕ್ಕೆ ಬಿದ್ದ ಸೀಸದ ಚೂರನ್ನು ಲೂನ್ ಎಂಬ ನೀರುಹಕ್ಕಿಗಳು ಕಲ್ಲಿನ ಜೊತೆ ನುಂಗಿ ವಿಷವೇರಿ ಸಾಯುತ್ತವೆ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಹಗುರವಾದ ಸೀಸದ ಗುಂಡು, ಜಿಗ್‌ಗಳಿಗೆ 1997ರಿಂದಲೇ ನಿಷೇಧವಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಔನ್ಸ್ (ಸುಮಾರು 28 ಗ್ರಾಂ) ವರೆಗಿನವನ್ನು 2016ರಿಂದ ಮಾರುವಂತೆಯೂ ಇಲ್ಲ, ಬಳಸುವಂತೆಯೂ ಇಲ್ಲ. ಹರಿದ ಪ್ಲಾಸ್ಟಿಕ್ ಚೂರುಗಳಿಗೂ ಇದೇ ಎಚ್ಚರ ಬೇಕು. ಗಡ್ಡೆಯ ಮೇಲೆ ಎಸೆದದ್ದು ಗಡ್ಡೆ ಕರಗಿದ ದಿನ ಕೆರೆಯ ಪಾಲಾಗುತ್ತದೆ, ಅದನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಕರಗದೆ ಉಳಿಯುತ್ತದೆ. ಜಾಕೆಟ್ಟಿನ ಒಂದು ಜೇಬನ್ನು ಈ ಚೂರುಗಳಿಗೆಂದೇ ಬಿಡಿ, ಅದಕ್ಕೆ ಜಿಪ್ ಇರಲಿ.

– ಹಿಮಗಾಳದ ಹವ್ಯಾಸಿ ಓದುಗ